ಮೊಹರು ಹಾಕಿದ ಗಡಿಯಾರಗಳು

೨೦೧೪ರ ಮಾರ್ಚ್ ೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನಾನು ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದೆ. ಸಮಯ ನನ್ನ ಕೈಗಡಿಯಾರದ್ದು. ಹೊರಡುವ ಮುನ್ನ ರೇಡಿಯೋ ವಾರ್ತೆಯ ಸದ್ದಿಗೆ ಅದನ್ನು ಹೊಂದಿಸಿಕೊಂಡಿದ್ದೆ. ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿದೆ.

"ಐದಕ್ಕೆ ಬರುತ್ತೆ ಮೇಡಂ. ಯಾರ ಐದು ಅಂತ ಮಾತ್ರ ಕೇಳ್ಬೇಡಿ," ಎಂದವನ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ತಟ್ಟನೆ ಮುಖ ಆಚೆ ತಿರುಗಿಸಿಕೊಂಡ. "ಸ್ವಲ್ಪ ಸೆರಗು ಮುಚ್ಕೊಳಿ. ನಾಲ್ಕು ಜನ ಓಡಾಡೋ ಜಾಗ."

"ಏನು ಮುಚ್ಕೊಳ್ಳಲಿ?"

"ಅದೇ. ಗಡಿಯಾರ."

ಆ ಊರಿನಲ್ಲಿ ಕುಗ್ಗಿದ ಮನಸ್ಸಿನ ಹತ್ತಿರ ಇರುವ ಗಡಿಯಾರ ನಿಧಾನವಾಗಿ ನಡೆಯುತ್ತಿತ್ತು. ಯಾಕೆ ಎಂದು ಅಲ್ಲಿನವರು ಹುಡುಕಿರಲಿಲ್ಲ. ನಾನೂ ಹುಡುಕಲಿಲ್ಲ, ನನಗೆ ವಹಿಸಿದ ಕೆಲಸ ಅದಾಗಿರಲಿಲ್ಲ. ಹಾಗಾಗಿ ಅಲ್ಲಿ ಕೈಗೆ ಗಡಿಯಾರ ಕಟ್ಟಿಕೊಳ್ಳುವುದೆಂದರೆ ಮನಸ್ಸನ್ನು ಬೀದಿಗೆ ಹರವಿಕೊಂಡು ನಡೆದಂತೆ. ಮನೆಗೊಂದು ಗೋಡೆ ಗಡಿಯಾರ ಇರುತ್ತಿತ್ತು, ಅದೂ ಒಳಕೋಣೆಯ ಬಾಗಿಲ ಹಿಂದೆ. ಪರೀಕ್ಷೆಯ ಹಾಲ್‌ಗಳಲ್ಲಿ ಗಡಿಯಾರ ಇಡುತ್ತಿರಲಿಲ್ಲ. ಎಲ್ಲರಿಗೂ ಸೇರಿದ ಒಂದು ಸಮಯ ಬೇಕಲ್ಲ ಎಂದು ಪುರಸಭೆಯವರು ಊರ ಕೆರೆಯ ನಡುವೆ ಕಂಬ ನೆಟ್ಟು, ಯಾರ ಮನಸ್ಸೂ ತಾಗದಷ್ಟು ದೂರದಲ್ಲಿ ನಾಲ್ಕು ಮುಖದ ದೊಡ್ಡ ಗಡಿಯಾರ ಕೂರಿಸಿದ್ದರು. ವಾರಕ್ಕೊಮ್ಮೆ ತೆಪ್ಪದಲ್ಲಿ ಹೋಗಿ ಅದಕ್ಕೆ ಕೀ ಕೊಡುವವನು ಹೋಗುವಾಗಲೂ ಬರುವಾಗಲೂ ಹಾಡು ಹೇಳುತ್ತಿರಬೇಕು ಎಂದು ಲಿಖಿತ ಆದೇಶವೇ ಇತ್ತು. ಅವನ ಕಂಠ ಭಯಂಕರವಾಗಿತ್ತು. ಆದರೆ ಗಡಿಯಾರ ಸರಿಯಾಗಿತ್ತು.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಜನರ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಘಸಂಸ್ಥೆಗಳಿಂದ ನಿಜಕ್ಕೂ ಏನಾದರೂ ಉಪಯೋಗವಾಗುತ್ತಿದೆಯೇ ಎಂದು ಅಳೆದು ಹೇಳುವುದು ನನ್ನ ವೃತ್ತಿ. ಆ ಊರಿನಲ್ಲಿ 'ಪಡಸಾಲೆ' ಎಂಬ ಸೇವಾಸಂಸ್ಥೆ ಇತ್ತು. ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಯಾರು ಬೇಕಾದರೂ ಬಂದು ಕೂರಬಹುದು, ಮಾತಾಡಬಹುದು, ಆಡದೆಯೂ ಇರಬಹುದು. ಹದಿನೈದು ದಿನಕ್ಕೊಮ್ಮೆ ಡಾಕ್ಟರು ಬಂದು ಮಾತ್ರೆ ಬರೆದುಕೊಡುತ್ತಿದ್ದರು. ಹೊರಗೆ ಬರಲಾರದವರ ಮನೆಗೆ ಕಾರ್ಯಕರ್ತೆಯರೇ ಹೋಗುತ್ತಿದ್ದರು. ಇದಕ್ಕೆ ನಗರದ ಟ್ರಸ್ಟೊಂದು ಹಣ ಕೊಡುತ್ತಿತ್ತು. ಮುಂದೆಯೂ ಕೊಡಬೇಕೋ ಬೇಡವೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. "ನಮಗೆ ಪುಟಗಟ್ಟಲೆ ಬೇಡ, ಒಂದು ಸಂಖ್ಯೆ ಸಾಕು," ಎಂದಿದ್ದರು ಟ್ರಸ್ಟಿನ ಕಾರ್ಯದರ್ಶಿ.

ನಿಜ ಹೇಳುತ್ತೇನೆ, ನಾನು ಕುಣಿಯುತ್ತಾ ಬಂದಿದ್ದೆ. ಇಷ್ಟು ವರ್ಷ ಪ್ರಶ್ನಾವಳಿ ಹಿಡಿದು 'ಕಳೆದ ಎರಡು ವಾರಗಳಲ್ಲಿ ನಿಮಗೆ ಎಷ್ಟು ದಿನ ಬೇಸರವಾಗಿತ್ತು' ಎಂದು ಕೇಳಿ, 'ನಮಗೇನಮ್ಮ, ಆರಾಮ' ಎಂಬ ಸುಳ್ಳನ್ನು ಬರೆದುಕೊಂಡು ಸಾಕಾಗಿತ್ತು. ಇಲ್ಲಿ ನೋಡಿದರೆ ಪ್ರತಿ ಗೋಡೆಯ ಮೇಲೂ ಮಾಪಕ ತೂಗುಹಾಕಿದೆ!

ಪಡಸಾಲೆಯನ್ನು ನಡೆಸುತ್ತಿದ್ದವರು ರುದ್ರಾಂಬಾ ಎಂಬ ನಿವೃತ್ತ ನರ್ಸ್. ನನ್ನ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಜನರ ಮನೆಗೆ ಹೋಗಿ, ಬಾಗಿಲ ಹಿಂದೆ ಇಣುಕಿ, ಗಡಿಯಾರ ನೋಡ್ತೀರಿ?" ಎಂದರು.

"ಹೌದು. ನೀವು ಭೇಟಿ ಕೊಡುವ ಇಪ್ಪತ್ತು ಮನೆ. ನಿಮ್ಮ ಕಾಯುವ ಪಟ್ಟಿಯಲ್ಲಿರುವ ಇಪ್ಪತ್ತು ಮನೆ. ವಾರ ವಾರ ಎರಡನ್ನೂ ಹೋಲಿಸುವುದು."

"ಇದಕ್ಕಿಂತ ಅವರ ಒಗೆಯೋ ಬಟ್ಟೆ ಬುಟ್ಟಿ ನೋಡಿದ್ರೆ ಮರ್ಯಾದೆ."

"ರುದ್ರಾಂಬಾ ಅವರೇ, ಸಂಖ್ಯೆ ಇಲ್ಲದೆ ನಾನು ಏನೆಂದು ವಾದಿಸಲಿ?"

"ನಾನೇನೂ ಬೇಡ ಅಂತಿಲ್ಲ ತಾಯಿ. ಸಂಖ್ಯೆ ತಗೊಳ್ಳಿ. ಸರ್ವಮಂಗಳನ ಮನೆಯಿಂದ ಶುರು ಮಾಡಿ. ಅವಳಿಗೇ ಎಲ್ಲರಿಗಿಂತ ಅರ್ಜೆಂಟು."

ಸರ್ವಮಂಗಳಾ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸು. ಎರಡು ವರ್ಷದ ಕೆಳಗೆ ಒಂದು ದಿನ ಗಿರಣಿಯ ಬೆಲ್ಟು ಬಿಚ್ಚಿಟ್ಟು, ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಕೂತವಳು ಹಾಗೆಯೇ ಕೂತಿದ್ದಳು. ತಿನ್ನಿಸಿದರೆ ತಿನ್ನುತ್ತಿದ್ದಳು, ಮಾತಿಲ್ಲ. ಅವಳ ಗಡಿಯಾರ ದಿನಕ್ಕೆ ಒಂಬತ್ತು ಗಂಟೆ ಹಿಂದೆ ಬೀಳುತ್ತಿತ್ತೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಮ್ಮ ಹಾಲಪ್ಪ ಪಕ್ಕದ ಬೀದಿಯಿಂದ ಎರಡು ಹೊತ್ತು ಊಟ ತರುತ್ತಿದ್ದ. ನನ್ನನ್ನು ನೋಡಿದ್ದೇ ಬಾಗಿಲಲ್ಲಿ ನಿಲ್ಲಿಸಿಕೊಂಡ.

"ನೋಡಿ ಮೇಡಂ, ನಾನು ಕೆಟ್ಟೋನಲ್ಲ. ಪಡಸಾಲೆಯೋರು ವಾರಕ್ಕೆ ಮೂರು ಸಲ ಬರ್ತಾರೆ, ತಲೆ ಬಾಚ್ತಾರೆ, ಮಾತ್ರೆ ನುಂಗಿಸ್ತಾರೆ, ಅದಕ್ಕೇ ಇವತ್ತಿನವರೆಗೆ ತಡ್ಕೊಂಡಿದೀನಿ. ಅವರೂ ನಿಲ್ಲಿಸಿಬಿಟ್ರೆ ನನ್ನೊಬ್ಬನ ಕೈಲಿ ಆಗಲ್ಲ. ಆ ದೊಡ್ಡ ಊರಲ್ಲಿ ಇಂಥೋರನ್ನ ಇಟ್ಕೊಳ್ಳೋ ಒಂದು ಮನೆ ಇದೆಯಲ್ಲ, ಹೊರಗಿಂದ ಚಿಲಕ ಹಾಕ್ತಾರಲ್ಲ, ಅಲ್ಲಿ ಜಾಗ ಕೇಳಿಟ್ಟಿದೀನಿ. ಅಲ್ಲಿಗೆ ಹೋದೋರು ಯಾರೂ ವಾಪಸ್ ಬಂದಿಲ್ಲ ಅಂತಾನೂ ಗೊತ್ತು. ನಿಮ್ಮ ಲೆಕ್ಕ ಏನ್ ಹೇಳುತ್ತೋ ಹೇಳ್ಲಿ. ಏಪ್ರಿಲ್ ಕೊನೇವರೆಗೆ ಕಾಯ್ತೀನಿ."

ಇಷ್ಟು ಭಾರ ಹೊತ್ತ ಅಂಕಿಯನ್ನು ನಾನು ಹಿಂದೆಂದೂ ಹುಡುಕಿರಲಿಲ್ಲ. ಹಾಗಾಗಿ ಊರಲ್ಲೇ ಲಾಡ್ಜ್ ಹಿಡಿದು, ಬಹಳ ಎಚ್ಚರದಿಂದ ಶುರು ಮಾಡಿದೆ. ಪ್ರತಿ ಮಂಗಳವಾರ ಕೆರೆಯ ಮೆಟ್ಟಿಲ ಮೇಲೆ ನಿಂತು ನನ್ನ ಗಡಿಯಾರವನ್ನು ದೊಡ್ಡ ಗಡಿಯಾರಕ್ಕೆ ಹೊಂದಿಸಿ, ಮನೆ ಮನೆ ಹೊಕ್ಕು, ಬಾಗಿಲ ಹಿಂದಿನ ಸಮಯ ಬರೆದುಕೊಂಡು, ಮತ್ತೆ ಕೆರೆಗೆ ಬಂದು ನನ್ನ ಗಡಿಯಾರ ಎಷ್ಟು ಜಾರಿತೆಂದು ನೋಡಿ, ಆ ದೋಷವನ್ನು ಕಳೆಯುತ್ತಿದ್ದೆ. ಎಲ್ಲಿ ಹೋದರೂ ಜನ ನನ್ನ ಕೈಯನ್ನು ನೋಡದಿರಲು ಪಡುತ್ತಿದ್ದ ಕಷ್ಟ ನೋಡಲಾಗುತ್ತಿರಲಿಲ್ಲ. ಒಬ್ಬ ಅಜ್ಜಿಯಂತೂ ನನ್ನ ಮಣಿಕಟ್ಟಿನ ಮೇಲೆ ಟವೆಲ್ ಹಾಕಿಯೇ ಕಾಫಿ ಕೊಟ್ಟಳು.

ಮೊದಲ ವಾರದ ಫಲಿತಾಂಶ ನೋಡಿ ತಲೆ ಕೆಟ್ಟಿತು. ನಲವತ್ತೂ ಮನೆಗಳ ಗಡಿಯಾರಗಳು ಹೆಚ್ಚುಕಡಿಮೆ ಸರಿಯಾಗಿದ್ದವು. ಪಡಸಾಲೆಯ ಸೇವೆ ಸಿಕ್ಕ ಮನೆಗಳಲ್ಲಿ ಸರಿ, ಸಿಗದೆ ಕಾಯುತ್ತಿದ್ದ ಮನೆಗಳಲ್ಲೂ ಸರಿ. ಸರ್ವಮಂಗಳಾ ಗೋಡೆ ನೋಡುತ್ತಾ ಕೂತೇ ಇದ್ದಳು, ಅವಳ ಗಡಿಯಾರ ಮಾತ್ರ ಠೀವಿಯಿಂದ ಸರಿಯಾದ ಸಮಯ ತೋರಿಸುತ್ತಿತ್ತು. ಕೆಲವು ಮನೆಗಳಲ್ಲಿ ಹತ್ತು ನಿಮಿಷ, ಹದಿನೈದು ನಿಮಿಷ ಮುಂದೆಯೇ ಇತ್ತು. ಭೂಮಿಯ ಮೇಲೆ ಯಾರೂ ಅಷ್ಟು ಸುಖವಾಗಿರುವುದಿಲ್ಲ. ಎರಡನೆಯ ವಾರವೂ ಹಾಗೆಯೇ. ಮೂರನೆಯ ವಾರವೂ ಹಾಗೆಯೇ. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸೊನ್ನೆ. ಸೊನ್ನೆ ಎಂದರೆ ಟ್ರಸ್ಟಿನ ಭಾಷೆಯಲ್ಲಿ ಪಡಸಾಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಾಲ್ಕನೆಯ ಮಂಗಳವಾರ ನಾನು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಸರ್ವಮಂಗಳಾಳ ಮನೆಗೆ ಹೋದೆ. ಪಕ್ಕದ ಮನೆಯ ಜುಬೇದಾ ಸ್ಟೂಲಿನ ಮೇಲೆ ಹತ್ತಿ ನಿಂತು, ಗಡಿಯಾರದ ಗಾಜು ತೆಗೆದು, ಬೆರಳಿನಿಂದ ದೊಡ್ಡ ಮುಳ್ಳನ್ನು ಮುಂದೆ ತಳ್ಳುತ್ತಿದ್ದಳು. ತಳ್ಳುತ್ತಾ ತಳ್ಳುತ್ತಾ ಸರ್ವಮಂಗಳಾಳ ಬೆನ್ನಿಗೆ ತನ್ನ ಸೊಸೆಯ ಅಡುಗೆಯ ಬಗ್ಗೆ ದೂರು ಹೇಳುತ್ತಿದ್ದಳು.

"ಏನಮ್ಮಾ ಇದು!" ಎಂದೆ. ನನ್ನ ದನಿ ನನಗೇ ಕಿರುಚಿದಂತೆ ಕೇಳಿತು.

ಜುಬೇದಾ ಗಾಬರಿಯಾಗಲಿಲ್ಲ. ಬದಲಿಗೆ ಸಂಕೋಚಪಟ್ಟಳು, ನಾನು ಬಚ್ಚಲಿಗೆ ನುಗ್ಗಿಬಿಟ್ಟವಳೇನೋ ಎಂಬಂತೆ. "ಬರೋ ಮುಂಚೆ ಬಾಗಿಲಾದ್ರೂ ತಟ್ಬಾರ್ದಾ ಮೇಡಂ?"

"ಯಾಕೆ ತಿರುಗಿಸ್ತಾ ಇದೀರಿ?"

"ಮತ್ತೆ? ನೀವು ಬರ್ತೀರಲ್ಲ. ಹೊರಗಿನೋರು ಬಂದಾಗ ಹಿಂಗೆ ಬಿದ್ದಿದ್ರೆ ಮಂಗಳಕ್ಕಂಗೆ ಅವಮಾನ ಅಲ್ವಾ? ಸೆರಗು ಜಾರಿದ್ರೆ ಪಕ್ಕದಲ್ಲಿರೋರು ಸರಿ ಮಾಡಲ್ವಾ, ಹಂಗೆ."

"ಬರೀ ನಾನು ಬರುವಾಗ ಮಾತ್ರವೋ, ಯಾವಾಗಲೂ ಮಾಡ್ತೀರೋ?"

"ದಿನಾ ಮಾಡ್ತೀವಿ. ಯಾರು ಯಾರ ಮನೆಗೆ ಹೋದ್ರೂ ಮಾಡ್ತಾರೆ. ಅವರು ನೀರು ತರಕ್ಕೆ ಒಳಗೆ ಹೋಗ್ತಾರಲ್ಲ, ಆವಾಗ. ಅದಕ್ಕೇ ತಾನೇ ನೀರು ತರಕ್ಕೆ ಹೋಗೋದು?"

ವಿಜ್ಞಾನ ಓದಿದ ನನಗೆ ಆಗಲೂ ಒಂದು ಪ್ರಶ್ನೆ ಉಳಿದಿತ್ತು. "ಅಲ್ಲ, ಕೆಲವು ಕಡೆ ಮುಂದೆ ಇದೆಯಲ್ಲ, ಅದು ಯಾಕೆ?"

"ಸ್ವಲ್ಪ ಜಾಸ್ತೀನೇ ತಿರುಗಿಸ್ತೀವಿ. ನಾವು ಹೋದ್ಮೇಲೂ ಒಂದಿಷ್ಟು ಹೊತ್ತು ಚೆನ್ನಾಗಿರ್ಲಿ ಅಂತ."

ಪಡಸಾಲೆಗೆ ಹೋಗಿ ರುದ್ರಾಂಬಾ ಅವರ ಮುಂದೆ ಕೂಗಾಡಿದೆ. ಮೂರು ವಾರದ ಅಂಕಿಅಂಶ ಪೂರ್ತಿ ಹಾಳಾಗಿದೆ, ಇದು ನಿಮಗೆ ಮೊದಲೇ ಗೊತ್ತಿರಲಿಲ್ಲವೇ ಎಂದೆ.

"ಗೊತ್ತಿಲ್ದೆ ಏನು? ನಾನೂ ಮಾಡ್ತೀನಿ."

"ನೀವೂ!"

"ಒಬ್ಬರ ಮನೆಗೆ ಹೋಗಿ, ಅವರ ಗಡಿಯಾರ ಹಿಂದೆ ಇರೋದು ನೋಡಿ, ಹಂಗೇ ಎದ್ದು ಬರಕ್ಕಾಗುತ್ತಾ? ನಮ್ಮ ಹುಡುಗೀರಿಗೆ ಟ್ರೈನಿಂಗಲ್ಲಿ ಹೇಳ್ಕೊಡ್ಬೇಕಾಗೂ ಇಲ್ಲ, ಅವರಮ್ಮಂದಿರು ಹೇಳ್ಕೊಟ್ಟೇ ಕಳಿಸಿರ್ತಾರೆ."

ಆ ರಾತ್ರಿ ಲಾಡ್ಜಿನಲ್ಲಿ ಕೂತು ನಾನು ಯೋಚಿಸಿದ ಉಪಾಯ ಯಾವ ಪರೀಕ್ಷಕರ ಮುಂದೆಯೂ ನಿಲ್ಲುವಂಥದ್ದು. ಮರುದಿನ ನಲವತ್ತೂ ಗಡಿಯಾರಗಳನ್ನು ಕೆರೆಯ ಸಮಯಕ್ಕೆ ಹೊಂದಿಸಿ, ಗಾಜಿನ ಸುತ್ತ ಅರಗು ಕರಗಿಸಿ ಸುರಿದು, ಮೇಲೆ ಮೊಹರು ಒತ್ತಿದೆ. ಈಗ ಯಾರೂ ಮುಳ್ಳು ಮುಟ್ಟುವಂತಿರಲಿಲ್ಲ. ಮನೆಯವರು ಒಪ್ಪಿದರು. ಹೊರಗಿನವರ ಮುಂದೆ ಇಲ್ಲ ಎನ್ನುವ ಅಭ್ಯಾಸ ಆ ಊರಿಗೆ ಇರಲಿಲ್ಲ. ಹಾಲಪ್ಪ ಮಾತ್ರ, "ಬೀಗ ಅಲ್ಲಿಗೆ ಹೋದ್ಮೇಲೆ ಹಾಕ್ತಾರೆ ಅಂದ್ಕೊಂಡಿದ್ದೆ, ನೀವು ಇಲ್ಲೇ ಶುರು ಮಾಡಿದ್ರಲ್ಲ," ಎಂದ.

ಅಂಕಿಗಳು ಬರತೊಡಗಿದವು. ಮೊದಲ ವಾರ ಚೊಕ್ಕಟವಾಗಿದ್ದವು, ಯಾರೂ ಮುಟ್ಟದ ಗಡಿಯಾರಗಳು ತಮ್ಮ ಪಾಡಿಗೆ ಹಿಂದೆ ಬಿದ್ದಿದ್ದವು. ಎರಡನೆಯ ವಾರ ಎರಡೂ ಗುಂಪುಗಳ ಗಡಿಯಾರಗಳು ಇನ್ನಷ್ಟು ನಿಧಾನವಾದವು. ಮೂರನೆಯ ವಾರ ಇನ್ನೂ ನಿಧಾನ. ಸರ್ವಮಂಗಳಾಳ ಗಡಿಯಾರದ ದೊಡ್ಡ ಮುಳ್ಳು ನಡೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ನಾನು ಒಂದು ಲೋಟ ಚಹಾ ಪೂರ್ತಿ ಕುಡಿಯಬೇಕಾಯಿತು. ಆ ಚಹಾ ನಾನೇ ಫ್ಲಾಸ್ಕಿನಲ್ಲಿ ತಂದದ್ದು. ಆ ಮನೆಯಲ್ಲಿ ಈಗ ಯಾರ ಸದ್ದೂ ಇರಲಿಲ್ಲ.

ಜುಬೇದಾಳನ್ನು ಅವಳ ಮನೆಯ ಜಗಲಿಯ ಮೇಲೆ ಹಿಡಿದೆ. "ಮಂಗಳಕ್ಕನ ಮನೆಗೆ ಯಾಕೆ ಹೋಗ್ತಾ ಇಲ್ಲ?"

"ಹೋಗಿ ಏನ್ ಮಾಡ್ಲಿ ಮೇಡಂ? ಅದು ಹಂಗೆ ಬಿದ್ದಿರುತ್ತೆ, ನಾನು ಸುಮ್ನೆ ಕೂತು ನೋಡ್ಬೇಕು. ಕೈ ಕಟ್ಟಿ ಹಾಕಿ ಊಟಕ್ಕೆ ಕೂರಿಸಿದ ಹಂಗೆ."

"ಗಡಿಯಾರ ಬಿಡಿ. ಸುಮ್ಮನೆ ಹೋಗಿ ಮಾತಾಡಿ."

"ಸುಮ್ಮನೆ ಯಾರು ಹೋಗ್ತಾರೆ?" ಎಂದು ಅವಳು ನಿಜವಾಗಿ ಆಶ್ಚರ್ಯಪಟ್ಟಳು. "ಏನಾದ್ರೂ ಒಂದು ಕೆಲಸ ಇರ್ಬೇಕಲ್ಲ."

ಮೊಹರು ಬಿದ್ದ ನಲವತ್ತೂ ಮನೆಗಳಲ್ಲಿ ಹಾಗೆಯೇ ಆಗಿತ್ತು. ಪಡಸಾಲೆಯ ಕಾರ್ಯಕರ್ತೆಯರು ಮಾತ್ರ ಕರ್ತವ್ಯವೆಂದು ಹೋಗಿ, ಗಡಿಯಾರದ ಕಡೆ ಬೆನ್ನು ಮಾಡಿ ಕೂತು, ಬೇಗ ಎದ್ದು ಬರುತ್ತಿದ್ದರು. ನಾನು ಅಳೆಯಲು ಹೊರಟದ್ದು ಪಡಸಾಲೆಯ ಪರಿಣಾಮವನ್ನು. ಅಳೆದದ್ದು ನನ್ನ ಅರಗಿನ ಪರಿಣಾಮವನ್ನು. ಈಗ ಮೊಹರು ತೆಗೆದರೆ ಗಡಿಯಾರಗಳು ಸರಿಯಾಗುತ್ತವೆ, ಮೊಹರು ಇಟ್ಟರೆ ಮನುಷ್ಯರು ಕೆಡುತ್ತಾರೆ. ಎರಡರಲ್ಲಿ ಯಾವ ಸ್ಥಿತಿಯಲ್ಲೂ ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಇಂಥ ಊರನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟರೆ ವಿದ್ಯಾರ್ಥಿಗಳು ಮುಷ್ಕರ ಹೂಡುತ್ತಾರೆ.

ಈ ನಡುವೆ ನನ್ನ ಕೈಗಡಿಯಾರವೂ ಕೈಕೊಟ್ಟಿತು. ಭಾನುವಾರ ಯಾರ ಮನೆಗೂ ಹೋಗದೆ ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗಲೂ ಹಿಂದೆ ಬೀಳತೊಡಗಿತು. ಉಪಕರಣದ ದೋಷ ಎಂದು ಗುರುತು ಹಾಕಿಕೊಂಡು ಬ್ಯಾಟರಿ ಬದಲಾಯಿಸಲು ಪೇಟೆಗೆ ಹೋದೆ. ಅಂಗಡಿಯವನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬೇರೆಲ್ಲೋ ನೋಡುತ್ತಾ, "ಬ್ಯಾಟರಿ ಚೆನ್ನಾಗೇ ಇದೆ ಮೇಡಂ," ಎಂದ. ಆಮೇಲೆ ಬಹಳ ಮೆಲ್ಲಗೆ, "ಊಟ ಗೀಟ ಸೇರ್ತಾ ಇದ್ಯಾ?" ಎಂದು ಕೇಳಿದ. ಹೊಸ ಬ್ಯಾಟರಿ ಹಾಕು ಎಂದು ಗದರಿದೆ. ಹಾಕಿದ. ಹಣ ತೆಗೆದುಕೊಳ್ಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಏಪ್ರಿಲ್ ಕೊನೆಯ ಗುರುವಾರ ಕಾರ್ಯದರ್ಶಿಗಳ ಫೋನ್ ಬಂತು. ವಿಧಾನದಲ್ಲೇ ಎಡವಟ್ಟಾಗಿದೆ, ಅಳೆಯಲು ಹೋದದ್ದರಿಂದಲೇ ಅಳೆಯಬೇಕಾದದ್ದು ಬದಲಾಗಿದೆ ಎಂದು ಎರಡು ಸಲ ವಿವರಿಸಿದೆ.

"ಅದೆಲ್ಲ ಬೋರ್ಡಿಗೆ ಅರ್ಥ ಆಗಲ್ಲ ಮೇಡಂ. ಪ್ಲಸ್ಸೋ ಮೈನಸ್ಸೋ? ಪ್ಲಸ್ ಆದ್ರೆ ಇನ್ನೊಂದು ವರ್ಷ ಮುಂದುವರಿಸ್ತೀವಿ. ಎಷ್ಟು ಅಂತ ನಾಳೆ ಸಂಜೆಯೊಳಗೆ ಒಂದು ಸಂಖ್ಯೆ ಹೇಳಿ. ಇಲ್ಲ ಅಂದ್ರೆ ಸೊನ್ನೆ ಅಂತ ಬರ್ಕೋತೀವಿ."

ಹಾಲಪ್ಪನಿಗೂ ಅದನ್ನೇ ಹೇಳಬೇಕಾಯಿತು. ನನ್ನ ಹತ್ತಿರ ಹೇಳಬಹುದಾದ ಸಂಖ್ಯೆ ಇಲ್ಲ ಎಂದೆ. ಅವನು ರೇಗಲಿಲ್ಲ. "ನಾಳೆ ಬೆಳಿಗ್ಗೆ ವ್ಯಾನ್ ಹೇಳ್ತೀನಿ," ಎಂದಷ್ಟೇ ಹೇಳಿದ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಕೆರೆಯ ಮೆಟ್ಟಿಲಿಗೆ ಹೋದೆ. ನನ್ನ ಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು. ಹೊಂದಿಸುವ ಗೋಜಿಗೆ ಹೋಗಲಿಲ್ಲ. ಓದಬೇಕಾದ ಗಡಿಯಾರ ಯಾವುದೂ ಉಳಿದಿರಲಿಲ್ಲ, ಮೊಹರು ಕೀಳುವುದಷ್ಟೇ ಬಾಕಿ. ಸರ್ವಮಂಗಳಾಳ ಮನೆಯಿಂದಲೇ ಶುರು ಮಾಡಿದೆ. ಅವಳು ಹೋಗುವ ಹೊತ್ತಿಗಾದರೂ ಅವಳ ಗೋಡೆ ಮೊದಲಿನಂತಿರಲಿ ಎನಿಸಿತು. ವ್ಯಾನು ಆಗಲೇ ಬಾಗಿಲಿಗೆ ಬಂದು ನಿಂತಿತ್ತು. ಹಾಲಪ್ಪ ಪಕ್ಕದ ಕೋಣೆಯಲ್ಲಿ ಅಕ್ಕನ ಸೀರೆಗಳನ್ನು ಗಂಟು ಕಟ್ಟುತ್ತಿದ್ದ. ಸರ್ವಮಂಗಳಾ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ.

ಅರಗು ಸುಲಭಕ್ಕೆ ಬಿಡಲಿಲ್ಲ. ಬಿಸಿ ಚಾಕು ಹಿಡಿದು ಕೆರೆದು ಕಿತ್ತೆ, ಕೈಯೆಲ್ಲ ಅಂಟಾಯಿತು, ಮಣಿಕಟ್ಟಿನ ಪಟ್ಟಿಗೂ ಮೆತ್ತಿತು. ಕೈಗಡಿಯಾರ ಬಿಚ್ಚಿ ಸ್ಟೂಲಿನ ಮೇಲಿಟ್ಟು, "ಇಂಥ ಊರು, ಇಂಥ ಜನ," ಎಂದು ಜೋರಾಗಿಯೇ ಗೊಣಗಿಕೊಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ನಲ್ಲಿಯಲ್ಲಿ ನೀರು ಹನಿಹನಿಯಾಗಿ ಬರುತ್ತಿತ್ತು. ಸೋಪು ಇರಲಿಲ್ಲ. ಬೂದಿ ಹಾಕಿ ತಿಕ್ಕಿದೆ. ಯಾಕೋ ಕಣ್ಣಲ್ಲೂ ನೀರು ಬಂತು. ಮುಖವನ್ನೂ ತೊಳೆದುಕೊಂಡೆ.

ವಾಪಸು ಬಂದಾಗ ಮಂಚ ಖಾಲಿಯಾಗಿತ್ತು.

ಸರ್ವಮಂಗಳಾ ಸ್ಟೂಲಿನ ಹತ್ತಿರ ನಿಂತಿದ್ದಳು. ಎತ್ತರದ ಹೆಂಗಸು, ಅದು ನನಗೆ ಅಂದೇ ಗೊತ್ತಾಗಿದ್ದು. ನನ್ನ ಗಡಿಯಾರ ಅವಳ ಎಡ ಅಂಗೈಯಲ್ಲಿತ್ತು. ಬಲಗೈಯ ಉಗುರಿನಿಂದ ಪಕ್ಕದ ಕೀಲಿ ಎಳೆದು, ಗಿರಣಿಯ ಕಲ್ಲು ಹೊಂದಿಸುವವಳ ಗಮನದಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದಳು. ತಿರುಗಿಸಿ, ತಡೆದು, ಇನ್ನಷ್ಟು ತಿರುಗಿಸಿದಳು. ನನ್ನ ಹೆಜ್ಜೆಯ ಸದ್ದಿಗೆ ಅದನ್ನು ಸ್ಟೂಲಿನ ಮೇಲೆ ಬೋರಲು ಇಟ್ಟು, ಏನೂ ಮಾಡದವಳ ಹಾಗೆ ಕಿಟಕಿಯ ಕಡೆ ನೋಡಿದಳು.

"ನೀರು ಬಂತಾ?" ಎಂದಳು. ಎರಡು ವರ್ಷ ಬಳಸದ ದನಿ, ಹಿಟ್ಟು ಮೆತ್ತಿದ ಹಾಗಿತ್ತು.

"ಬಂತು," ಎಂದೆ.

ಪಕ್ಕದ ಕೋಣೆಯ ಬಾಗಿಲಲ್ಲಿ ಹಾಲಪ್ಪ ಗಂಟು ಹಿಡಿದುಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಹಾಲಪ್ಪ ಕಿಟಕಿಯಿಂದ ತಲೆ ಹಾಕಿ, "ಏಯ್, ಹೋಗಯ್ಯಾ! ಯಾರು ಕರೆದ್ರು ನಿನ್ನ?" ಎಂದು ಕಿರುಚಿದ. ಗಂಟನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ಮೊಹರು ಕಿತ್ತ ಸುದ್ದಿ ಅದು ಹೇಗೋ ಮುಟ್ಟಿ ಜುಬೇದಾ ಒಳಗೆ ಬಂದಳು. ನಿಂತಿದ್ದ ಸರ್ವಮಂಗಳಾಳನ್ನು ನೋಡಿ ಒಂದು ಕ್ಷಣ ತಡೆದಳು, ಅಷ್ಟೆ. ಗೋಡೆಯ ಹತ್ತಿರ ಹೋಗುತ್ತಾ, "ಮೇಡಂ, ನೀವು ಸ್ವಲ್ಪ ಆ ಕಡೆ ತಿರುಗ್ತೀರಾ?" ಎಂದಳು. ನಾನು ಗಂಟು ಹಿಡಿದುಕೊಂಡು ಆ ಕಡೆ ತಿರುಗಿ ನಿಂತೆ.

ಗಡಿಯಾರವನ್ನು ನೋಡದೆಯೇ ಕೈಗೆ ಕಟ್ಟಿಕೊಂಡು, ಸೆರಗು ಮುಚ್ಚಿಕೊಂಡು, ನೇರ ಕೆರೆಗೆ ನಡೆದೆ. ಒಂದೇ ಒಂದು ವೀಕ್ಷಣೆ, ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಮತ್ತೆ ಮಾಡಿ ನೋಡುವಂತಿಲ್ಲ. ಅವಳನ್ನು ಎಬ್ಬಿಸಿದ್ದು ಪಡಸಾಲೆಯವರ ಮಾತ್ರೆಯೋ, ಬಾಚಣಿಗೆಯೋ, ಜುಬೇದಾಳ ಸೊಸೆಯ ಅಡುಗೆಯೋ, ಹೇಳಲಾರೆ. ನನ್ನ ಕೈಕೆಳಗಿನವರು ಯಾರಾದರೂ ಇಂಥ ವರದಿ ತಂದಿದ್ದರೆ ಹರಿದು ಕೈಗೆ ಕೊಡುತ್ತಿದ್ದೆ. ಆದರೆ ಇಡೀ ಊರಿನಲ್ಲಿ ಬೆಳಗಿನ ಸ್ಥಿತಿ ನನಗೆ ಖಚಿತವಾಗಿ ಗೊತ್ತಿದ್ದ ಗಡಿಯಾರ ಅದೊಂದೇ.

ಮೆಟ್ಟಿಲ ಮೇಲೆ ನಿಂತು ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಕೆರೆಯ ನಡುವಿನ ಗಡಿಯಾರ ನೋಡಿದೆ. ಸೆರಗು ಸರಿಸಿ ನನ್ನದನ್ನು ನೋಡಿದೆ. ಬೆಳಿಗ್ಗೆ ಹಿಂದಿದ್ದದ್ದು ಈಗ ಮುಂದಿತ್ತು. ಕಳೆದು, ಇನ್ನೊಮ್ಮೆ ಕಳೆದು ನೋಡಿದೆ.

"ಹೇಳಿ ಮೇಡಂ, ಪ್ಲಸ್ಸೋ ಮೈನಸ್ಸೋ?"

"ಪ್ಲಸ್," ಎಂದೆ. "ಬರ್ಕೊಳ್ಳಿ. ಹದಿನಾಲ್ಕು ನಿಮಿಷ."